ಮಿತವ್ಯಯದ ಗಣಕಯಂತ್ರ: ಅಂಗಗಳ ಆಯ್ಕೆಯಲ್ಲಿ ಔಚಿತ್ಯ

ಕಾವ್ಯಮೀಮಾಂಸೆಯಲ್ಲಿ ಕಿಂಚಿತ್ ಪರಿಶ್ರಮವುಳ್ಳವರಿಗೆ ‘ಔಚಿತ್ಯ’ವೆಂಬ ಮಾತು ಅಪರಿಚಿತವಲ್ಲ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದಲ್ಲಿದ್ದ ಕ್ಷೇಮೇಂದ್ರನು ತನ್ನ ‘ಔಚಿತ್ಯವಿಚಾರಚರ್ಚಾ’ ಎಂಬ ಗ್ರಂಥದಲ್ಲಿ, ಪದ, ವಾಕ್ಯ, ಗುಣ, ಅಲಂಕಾರ ಮುಂತಾದ ಅಂಗಗಳು ತಂತಮ್ಮ ಸ್ಥಾನಕ್ಕೆ ತಕ್ಕವಾಗಿದ್ದರೆ ಮಾತ್ರ ಕಾವ್ಯಕ್ಕೆ ಜೀವಕಳೆ ಬರುವುದೆಂದು ಪ್ರತಿಪಾದಿಸಿದನು. ಬಿಡಿಯಾಗಿ ನೋಡಿದಾಗ ಉತ್ತಮವಾದುದು ಇಡಿಯಲ್ಲಿ ಸೇರಿದಾಗಲೂ ಉತ್ತಮವಾಗಿಯೇ ಇರುವುದೆಂಬ ನಿಯಮವಿಲ್ಲ. ಕಾವ್ಯವನ್ನು ಕುರಿತ ಈ ವಿಚಾರವು ಇಂದು ನಮ್ಮ ಮನೆಗಳನ್ನೂ ಶಾಲೆಗಳನ್ನೂ ಪ್ರವೇಶಿಸಿರುವ ಗಣಕಯಂತ್ರಕ್ಕೂ ಅನ್ವಯಿಸುತ್ತದೆ. ಬೇರೆ ಬೇರೆ ತಯಾರಕರ ಏಳೆಂಟು ಬಿಡಿಭಾಗಗಳನ್ನು ಕೂಡಿಸಿ ಕಟ್ಟುವ ಈ ಯಂತ್ರದಲ್ಲಿ ಒಂದು ಭಾಗಕ್ಕೆ ಅತಿಯಾಗಿ ವ್ಯಯ ಮಾಡಿ ಮತ್ತೊಂದನ್ನು ಉಪೇಕ್ಷಿಸಿದರೆ, ಉಪೇಕ್ಷಿತವಾದ ಆ ಭಾಗವೇ ಇಡೀ ಯಂತ್ರದ ಯೋಗ್ಯತೆಯನ್ನು ನಿರ್ಣಯಿಸಿಬಿಡುತ್ತದೆ.

ನಮ್ಮ ಶಾಲೆಯ ಮಕ್ಕಳ ತಂದೆತಾಯಿಗಳಲ್ಲಿ ಬಹುಮಂದಿ ಮಿತವಾದ ವರಮಾನದವರು. ಮಗನಿಗೋ ಮಗಳಿಗೋ ಒಂದು ಗಣಕಯಂತ್ರವನ್ನು ಕೊಡಿಸಬೇಕಾದರೆ ಅವರು ಬಹುಕಾಲ ಕೂಡಿಟ್ಟ ಹಣವನ್ನು ಒಮ್ಮೆಗೇ ತೆರಬೇಕಾಗುತ್ತದೆ. ಆ ಹಣ ವ್ಯರ್ಥವಾದರೆ ಮತ್ತೊಂದು ಯಂತ್ರ ಆ ಮನೆಗೆ ಬರುವಷ್ಟರಲ್ಲಿ ಮಗುವಿನ ಪ್ರೌಢಶಾಲೆಯ ವಿದ್ಯಾಭ್ಯಾಸವೇ ಮುಗಿದಿರುತ್ತದೆ. ಆದುದರಿಂದ ಓದು, ಬರಹ, ಲೆಕ್ಕಗಳ ಜೊತೆಗೆ ಹಗುರವಾದ ಆಟಗಳನ್ನೂ ಆಡಬಲ್ಲ ಒಂದು ಯಂತ್ರವನ್ನು ಕಡಿಮೆ ವೆಚ್ಚದಲ್ಲಿ ಹೇಗೆ ಕೂಡಿಸಬಹುದೆಂಬುದನ್ನು ಅಧ್ಯಾಪಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಅವಗಾಹನೆಗಾಗಿ ಇಲ್ಲಿ ವಿವರಿಸಲು ಯತ್ನಿಸಿದ್ದೇನೆ. ಬಿಡಿಭಾಗಗಳಿಗೆ ಕನ್ನಡದಲ್ಲಿ ಹೊಸ ಹೆಸರುಗಳನ್ನು ಟಂಕಿಸುವ ಗೋಜಿಗೆ ಹೋಗದೆ ಅಂಗಡಿಯಲ್ಲಿ ಚಲಾವಣೆಯಲ್ಲಿರುವ ಹೆಸರುಗಳನ್ನೇ ಉಳಿಸಿಕೊಂಡಿದ್ದೇನೆ. ಕೊಳ್ಳುವವರು ವ್ಯಾಪಾರಿಯೊಡನೆ ಆಡಬೇಕಾದುದು ಆ ಮಾತುಗಳಲ್ಲಿಯೇ ಅಲ್ಲವೆ?

ಆಟಕ್ಕೆ ಸ್ಥಾನವುಂಟೆ?

‘ಓದಿಗೆಂದು ಕೊಡಿಸುವ ಯಂತ್ರದಲ್ಲಿ ಆಟವೇಕೆ?’ ಎಂದು ಕೆಲವರು ಆಕ್ಷೇಪಿಸಬಹುದು. ಆಟಕ್ಕೆ ಕಾಲದ ಮಿತಿಯನ್ನು ವಿಧಿಸಬೇಕಾದುದು ಹಿರಿಯರ ಕರ್ತವ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗಣಕದ ಇತಿಹಾಸದಲ್ಲಿ ಆಟವು ವಿದ್ಯೆಯ ವೈರಿಯಾಗಿ ಬಂದುದಲ್ಲ. 1962ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಆತನ ಸಂಗಡಿಗರು ಪಿಡಿಪಿ-1 ಎಂಬ ಯಂತ್ರದ ಮೇಲೆ ‘ಸ್ಪೇಸ್‌ವಾರ್’ ಎಂಬ ಆಟವನ್ನು ರಚಿಸಿ ಆ ಯಂತ್ರದ ಸಾಮರ್ಥ್ಯವನ್ನು ಲೋಕಕ್ಕೆ ತೋರಿದರು. 1969ರಲ್ಲಿ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಎಂಬಾತನು ‘ಸ್ಪೇಸ್ ಟ್ರಾವೆಲ್’ ಎಂಬ ತನ್ನ ಆಟವನ್ನು ಪಿಡಿಪಿ-7 ಯಂತ್ರಕ್ಕೆ ಅಳವಡಿಸಲು ಹೊರಟನು. ಆ ಯಂತ್ರದ ಮೇಲೆ ಆತನು ನಡೆಸಿದ ಕೆಲಸವೇ ಮುಂದೆ ಯುನಿಕ್ಸ್ ಎಂಬ ಜಗತ್ಪ್ರಸಿದ್ಧ ಕಾರ್ಯಾಚರಣ ವ್ಯವಸ್ಥೆಗೆ ದಾರಿಯಾಯಿತು. ಮೇಲಾಗಿ, ಹಗುರವಾದ ಆಟವನ್ನು ಸರಾಗವಾಗಿ ನಡೆಸಬಲ್ಲ ಯಂತ್ರವು ಚಿತ್ರರಚನೆ, ವಿಡಿಯೋ ಸಂಕಲನ, ಪ್ರೋಗ್ರಾಮ್ ಬರೆಯುವಿಕೆ ಇವಕ್ಕೂ ಸಮರ್ಥವಾಗಿಯೇ ಇರುತ್ತದೆ.

ಬಿಡಿಭಾಗಗಳನ್ನು ನಾವೇ ಆರಿಸಿಕೊಳ್ಳುವ ಸೌಲಭ್ಯ ಬಂದುದಾದರೂ ಹೇಗೆ? 1981ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ‘ಪರ್ಸನಲ್ ಕಂಪ್ಯೂಟರ್’ ಬೇರೆಯವರು ತಯಾರಿಸಿದ ಕಾರ್ಡುಗಳನ್ನೂ ತನ್ನೊಳಗೆ ಸೇರಿಸಿಕೊಳ್ಳಬಲ್ಲ ಮುಕ್ತವಾದ ರಚನೆಯನ್ನು ಹೊಂದಿದ್ದಿತು. 1995ರಲ್ಲಿ ಇಂಟೆಲ್ ಸಂಸ್ಥೆಯು ಎಟಿಎಕ್ಸ್ ಎಂಬ ಅಳತೆಯ ನಿಯಮವನ್ನು ರೂಪಿಸಿತು. ಅದರ ಫಲವಾಗಿ ಒಬ್ಬರ ಬೋರ್ಡು ಇನ್ನೊಬ್ಬರ ಪೆಟ್ಟಿಗೆಯಲ್ಲಿ ಕೂರುವಂತಾಯಿತು. ಹೀಗೆ ಸ್ವಾತಂತ್ರ್ಯವೇನೋ ದೊರೆಯಿತು. ಅದರೊಡನೆ ಹೊಂದಾಣಿಕೆಯ ಹೊಣೆಯೂ ಕೊಳ್ಳುವವನ ಹೆಗಲಿಗೆ ಬಂದಿತು.

ಮೊದಲು ಪ್ರಯೋಜನ, ಆಮೇಲೆ ಅಂಗ

ಅಂಗಡಿಗೆ ಹೋಗುವ ಮುನ್ನವೇ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡಿರಬೇಕು: ಯಾವ ಆಟಗಳನ್ನು ಆಡಬೇಕು? ಎಂತಹ ಪರದೆಯ ಮೇಲೆ ಆಡಬೇಕು? ಚದುರಂಗ, ಮೈನ್‌ಕ್ರಾಫ್ಟ್, ವ್ಯಾಲರಂಟ್ ಮುಂತಾದವು ಹಗುರವಾದ ವರ್ಗಕ್ಕೆ ಸೇರಿದವು. 2020ರಲ್ಲಿ ಬಂದ ‘ಸೈಬರ್‌ಪಂಕ್ 2077’ರಂತಹ ಆಟಗಳು ಭಾರವಾದ ವರ್ಗದವು; ಅವುಗಳ ಪೂರ್ಣ ವೈಭವವನ್ನು ಮಿತವ್ಯಯದ ಯಂತ್ರದಲ್ಲಿ ಅಪೇಕ್ಷಿಸಬಾರದು.

ಪರದೆಯ ಲೆಕ್ಕ ಹೀಗಿದೆ. ಇಂದಿನ ಸಾಮಾನ್ಯ ಮಾನಿಟರ್ ಅಡ್ಡಲಾಗಿ 1920, ಉದ್ದಕ್ಕೆ 1080 ಬಿಂದುಗಳನ್ನು ಹೊಂದಿದೆ. ಒಟ್ಟು 20,73,600 ಬಿಂದುಗಳಾದುವು. ಚಲನೆಯು ಕಣ್ಣಿಗೆ ನಯವಾಗಿ ಕಾಣಬೇಕಾದರೆ ಸೆಕೆಂಡಿಗೆ ಸುಮಾರು 60 ಚಿತ್ರಗಳು ಮೂಡಬೇಕು. ಅಂದರೆ ಪ್ರತಿ ಸೆಕೆಂಡಿಗೆ ಹನ್ನೆರಡು ಕೋಟಿಗೂ ಮಿಕ್ಕ ಬಿಂದುಗಳ ಬಣ್ಣವನ್ನು ಯಂತ್ರವು ನಿರ್ಣಯಿಸಬೇಕಾಗುತ್ತದೆ. ಆಟದ ಒಳಗಿನ ಆಯ್ಕೆಯಲ್ಲಿ ಚಿತ್ರದ ಅಳತೆಯನ್ನು 1280 ಮತ್ತು 720ಕ್ಕೆ ಇಳಿಸಿದರೆ ಬಿಂದುಗಳು 9,21,600 ಆಗಿ, ಹೊರೆಯು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ದುಡ್ಡು ಖರ್ಚಿಲ್ಲದೆ ದೊರೆಯುವ ಈ ಉಪಾಯವನ್ನು ಮರೆಯಬಾರದು.

ಪ್ರೊಸೆಸರ್: ಪ್ರಕೃತಿ ಮತ್ತು ಪ್ರತ್ಯಯ

ಲೆಕ್ಕವನ್ನು ಮಾಡುವುದು ಪ್ರೊಸೆಸರ್. ಚಿತ್ರವನ್ನು ಬಿಡಿಸುವುದು ಗ್ರಾಫಿಕ್ಸ್ ಘಟಕ. ಈ ಎರಡನೆಯದು ಪ್ರೊಸೆಸರಿನ ಒಳಗೇ ಅಡಕವಾಗಿರಬಹುದು, ಇಲ್ಲವೆ ಪ್ರತ್ಯೇಕ ಕಾರ್ಡಿನ ರೂಪದಲ್ಲಿರಬಹುದು. ಕಡಿಮೆ ಹಣವಿದ್ದವರು ಒಳಗೇ ಅಡಕವಾಗಿರುವುದನ್ನು ಆರಿಸಿಕೊಳ್ಳುವುದು ಯುಕ್ತ.

ಇಲ್ಲಿ ಹೆಸರಿನ ಕೊನೆಯ ಅಕ್ಷರವನ್ನು ವೈಯಾಕರಣನ ಎಚ್ಚರದಿಂದ ಓದಬೇಕು. ಪ್ರಕೃತಿಗೆ ಪ್ರತ್ಯಯ ಸೇರಿದಾಗ ಅರ್ಥ ಬೇರೆಯಾಗುವಂತೆ ಇಲ್ಲಿಯೂ ಒಂದೇ ಅಕ್ಷರದಿಂದ ವಸ್ತುವೇ ಬೇರೆಯಾಗುತ್ತದೆ. ಎ.ಎಂ.ಡಿ. ಸಂಸ್ಥೆಯ ‘ರೈಜೆನ್ 5 5600’ ಎಂಬುದರಲ್ಲಿ ಚಿತ್ರ ಬಿಡಿಸುವ ಘಟಕವಿಲ್ಲ; ಪ್ರತ್ಯೇಕ ಕಾರ್ಡಿಲ್ಲದಿದ್ದರೆ ಪರದೆಯ ಮೇಲೆ ಏನೂ ಮೂಡದು. 2021ರಲ್ಲಿ ಬಂದ ‘5600ಜಿ’ ಎಂಬುದರಲ್ಲಿ ಆ ಘಟಕವಿದೆ. ಇಂಟೆಲ್‌ನ ‘ಐ3-12100’ರಲ್ಲಿ ಅದು ಇದೆ, ‘12100ಎಫ್’ನಲ್ಲಿ ಇಲ್ಲ. ಎಫ್ ಸೇರಿದ್ದು ಸ್ವಲ್ಪ ಅಗ್ಗವೆಂದು ಕೊಂಡು ತಂದವರು ಮನೆಯಲ್ಲಿ ಕಪ್ಪು ಪರದೆಯನ್ನು ನೋಡುತ್ತ ಕೂರಬೇಕಾಗುತ್ತದೆ.

5600ಜಿ ಎಂಬುದು ಆರು ಕೋರ್‌ಗಳುಳ್ಳ, 65 ವ್ಯಾಟ್ ವರ್ಗದ ಪ್ರೊಸೆಸರ್. ತಂಪುಗೊಳಿಸುವ ಫ್ಯಾನು ಅದರ ಪೆಟ್ಟಿಗೆಯಲ್ಲಿಯೇ ಬರುತ್ತದೆ. ಅದರೊಳಗಿನ ಗ್ರಾಫಿಕ್ಸ್ ಘಟಕವು ಹಗುರವಾದ ಆಟಗಳನ್ನು ಕೆಳಮಟ್ಟದ ಚಿತ್ರಗುಣದಲ್ಲಿ ಸರಾಗವಾಗಿ ನಡೆಸಬಲ್ಲುದು. ಇಂಟೆಲ್‌ನ 12100 ಓದುಬರಹಕ್ಕೆ ಸೊಗಸಾದುದೇ. ಆದರೆ ಒಳಗಿನ ಗ್ರಾಫಿಕ್ಸ್‌ನಲ್ಲಿ ಅದು ಹಿಂದೆ ಬೀಳುತ್ತದೆ. ಇನ್ನೂ ಸ್ವಲ್ಪ ಅನುಕೂಲವುಳ್ಳವರು 2024ರಲ್ಲಿ ಬಂದ ‘8600ಜಿ’ಯನ್ನು ಪರಿಶೀಲಿಸಬಹುದು, ಅದರ ಗ್ರಾಫಿಕ್ಸ್ ಗಣನೀಯವಾಗಿ ಮೇಲ್ಮಟ್ಟದ್ದು. ಆದರೆ ಅದಕ್ಕೆ ಹೊಸ ಎಎಂ5 ಮಾದರಿಯ ಬೋರ್ಡೂ ಡಿಡಿಆರ್5 ರ್‍ಯಾಮೂ ಬೇಕಾಗುವುದರಿಂದ ವೆಚ್ಚ ಮೂರೂ ಕಡೆಗಳಲ್ಲಿ ಏರುತ್ತದೆ.

ರ್‍ಯಾಮ್: ಜೋಡೆತ್ತಿನ ನ್ಯಾಯ

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಗೆ ತನ್ನದೇ ಆದ ಸ್ಮೃತಿಯಿರುತ್ತದೆ. ಪ್ರೊಸೆಸರಿನೊಳಗಿನ ಘಟಕಕ್ಕೆ ಅದಿಲ್ಲ. ಅದು ಯಂತ್ರದ ರ್‍ಯಾಮಿನಲ್ಲಿಯೇ ತನ್ನ ಪಾಲನ್ನು ಪಡೆಯುತ್ತದೆ. ಆದುದರಿಂದ ಇಂತಹ ಯಂತ್ರದಲ್ಲಿ ರ್‍ಯಾಮಿನ ಪರಿಮಾಣ ಮಾತ್ರವಲ್ಲ, ವೇಗವೂ ಆಟದ ಗತಿಯನ್ನು ನಿರ್ಣಯಿಸುತ್ತದೆ. ಡಿಡಿಆರ್4-3200 ಮಾದರಿಯ ಒಂದು ರ್‍ಯಾಮ್ ಕಡ್ಡಿಯು ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಮಾಹಿತಿಯನ್ನು ಸಾಗಿಸಬಲ್ಲುದು. ಎರಡು ಕಡ್ಡಿಗಳನ್ನು ಎರಡು ಬೇರೆ ಚಾನೆಲ್‌ಗಳಲ್ಲಿ ಕೂರಿಸಿದರೆ 51.2 ಜಿಬಿ ಆಗುತ್ತದೆ. ಒಂದೆತ್ತಿನ ಗಾಡಿಗೂ ಜೋಡೆತ್ತಿನ ಗಾಡಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. 16 ಜಿಬಿಯ ಒಂದೇ ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿಗಳು ಇಲ್ಲಿ ಶ್ರೇಷ್ಠ.

2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮಿನ ಬೆಲೆ ತೀವ್ರವಾಗಿ ಏರಿತು. ಕೃತಕ ಬುದ್ಧಿಮತ್ತೆಯ ಬೃಹತ್ ದತ್ತಾಂಶ ಕೇಂದ್ರಗಳಿಗೆ ಬೇಕಾದ ಸ್ಮೃತಿಯ ತಯಾರಿಕೆಗೆ ಕಾರ್ಖಾನೆಗಳು ಒಲಿದುದೇ ಇದಕ್ಕೆ ಮುಖ್ಯ ಕಾರಣ. ಹಣ ಸಾಲದವರು ಮೊದಲು 8 ಜಿಬಿಯ ಒಂದನ್ನು ಕೊಂಡು, ಅದೇ ಮಾದರಿಯ ಇನ್ನೊಂದನ್ನು ಅನುಕೂಲವಾದಾಗ ಸೇರಿಸಬಹುದು. ಅಲ್ಲಿಯವರೆಗೆ ಆಟ ಮಂದಗತಿಯಲ್ಲಿ ನಡೆಯುವುದೆಂಬುದನ್ನು ಮಾತ್ರ ಮಗುವಿಗೆ ತಿಳಿಸಿ ಹೇಳಿರಬೇಕು. ಕೂಡಿಸಿದ ಮೇಲೆ ಬೋರ್ಡಿನ ಬಯೋಸ್ ಪರದೆಯನ್ನು ತೆರೆಸಿ, ರ್‍ಯಾಮ್ ತನ್ನ ಪೂರ್ಣ ವೇಗದಲ್ಲಿ ನಡೆಯುತ್ತಿದೆಯೇ ಎಂದು ನೋಡತಕ್ಕದ್ದು. ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಜಾರಿಗೊಳಿಸುವವರೆಗೆ ಅನೇಕ ಕಡ್ಡಿಗಳು ಕಡಿಮೆ ವೇಗದಲ್ಲಿಯೇ ಉಳಿದಿರುತ್ತವೆ.

ಮದರ್‌ಬೋರ್ಡ್ ಮತ್ತು ಎಸ್‌ಎಸ್‌ಡಿ

ಮದರ್‌ಬೋರ್ಡಿನ ಸಾಕೆಟ್ ಪ್ರೊಸೆಸರಿಗೆ ಹೊಂದಬೇಕೆಂಬುದು ಮೊದಲ ನಿಯಮ. 5600ಜಿಗೆ 2016ರಲ್ಲಿ ಬಂದ ಎಎಂ4 ಸಾಕೆಟ್ ಬೇಕು. ಎ520 ಅಥವಾ ಬಿ550 ಮಾದರಿಯ ಬೋರ್ಡುಗಳು ಅದಕ್ಕೆ ಸಾಕು. ಹಳೆಯ ಬಿ450 ಬೋರ್ಡಾದರೆ ಅದರ ಬಯೋಸ್ ತಂತ್ರಾಂಶವನ್ನು ಹೊಸದಾಗಿಸಲಾಗಿದೆಯೇ ಎಂದು ಅಂಗಡಿಯಲ್ಲಿಯೇ ವಿಚಾರಿಸಬೇಕು. ಒಳಗಿನ ಗ್ರಾಫಿಕ್ಸ್ ಬಳಸುವವರಿಗೆ ಬೋರ್ಡಿನ ಹಿಂಬದಿಯಲ್ಲಿ ಎಚ್‌ಡಿಎಂಐ ದ್ವಾರವಿರಬೇಕಾದುದು ಅವಶ್ಯ. ರ್‍ಯಾಮಿಗೆ ನಾಲ್ಕು ಸ್ಲಾಟ್‌ಗಳಿರುವ ಬೋರ್ಡು ಮುಂದಿನ ವಿಸ್ತರಣೆಗೆ ಅನುಕೂಲ.

ಎಎಂ4 ಈಗ ತನ್ನ ಆಯುಸ್ಸಿನ ಕೊನೆಯ ಭಾಗದಲ್ಲಿದೆ. ಎಎಂ5 ಸಾಕೆಟ್‌ಗೆ 2027ರವರೆಗೂ ಅದರಾಚೆಗೂ ಬೆಂಬಲವುಂಟೆಂದು ಎ.ಎಂ.ಡಿ. 2024ರಲ್ಲಿ ಘೋಷಿಸಿದೆ. ಕೆಲವು ವರ್ಷಗಳ ಮೇಲೆ ಪ್ರೊಸೆಸರನ್ನು ಮಾತ್ರ ಬದಲಿಸುವ ಯೋಚನೆಯುಳ್ಳವರು ಇದನ್ನು ಗಣಿಸಬೇಕು. ಕೊಂಡ ಯಂತ್ರವನ್ನು ಸವೆಯುವವರೆಗೂ ಹಾಗೆಯೇ ಬಳಸುವವರಿಗೆ ಎಎಂ4ರಿಂದ ಹಾನಿಯಿಲ್ಲ.

ಶೇಖರಣೆಗೆ ಎಸ್‌ಎಸ್‌ಡಿಯನ್ನೇ ಆರಿಸಬೇಕು. ಹಾರ್ಡ್‌ಡಿಸ್ಕಿನಲ್ಲಿ ತಿರುಗುವ ತಟ್ಟೆಯ ಮೇಲೆ ಸೂಜಿಯಂತಹ ಭಾಗವು ಮಾಹಿತಿಯಿರುವ ಸ್ಥಳವನ್ನು ಅರಸಿಕೊಂಡು ಚಲಿಸಬೇಕು; ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಯಂತ್ರವು ನಿಮಿಷಗಟ್ಟಲೆ ಕಾಯಿಸುವುದಕ್ಕೂ ಕೆಲವೇ ಸೆಕೆಂಡುಗಳಲ್ಲಿ ಸಿದ್ಧವಾಗುವುದಕ್ಕೂ ಇರುವ ಅಂತರಕ್ಕೆ ಬಹುಮಟ್ಟಿಗೆ ಇದೇ ಕಾರಣ. ಎಂ.2 ಆಕಾರದ ಎಸ್‌ಎಸ್‌ಡಿಗಳಲ್ಲಿ ಸಾಟಾ, ಎನ್‌ವಿಎಂಇ ಎಂದು ಎರಡು ಬಗೆಗಳಿವೆ. ಕಣ್ಣಿಗೆ ಹೆಚ್ಚುಕಡಿಮೆ ಒಂದೇ ತೆರನಾಗಿ ಕಂಡರೂ ಎರಡನೆಯದು ಹಲವು ಪಟ್ಟು ವೇಗದ್ದು. ಒಂದೊಂದು ದೊಡ್ಡ ಆಟವೇ 100 ಜಿಬಿಯಷ್ಟು ಜಾಗವನ್ನು ಬೇಡುವುದರಿಂದ 500 ಜಿಬಿಗಿಂತ ಕಡಿಮೆಯದು ಬೇಡ.

ಎಸ್‌ಎಂಪಿಎಸ್: ಕಾಣದ ಅಡಿಪಾಯ

ಮನೆಯ ವಿದ್ಯುತ್ತನ್ನು ಬಿಡಿಭಾಗಗಳಿಗೆ ಬೇಕಾದ ಅಳತೆಗೆ ಇಳಿಸಿ ಹಂಚುವುದು ಎಸ್‌ಎಂಪಿಎಸ್. ಇದು ಆಟದ ವೇಗವನ್ನು ಹೆಚ್ಚಿಸದು, ಕಣ್ಣಿಗೂ ಬೀಳದು. ಆದುದರಿಂದಲೇ ಖರ್ಚು ತಗ್ಗಿಸುವವರ ಕತ್ತರಿ ಮೊದಲು ಇದರ ಮೇಲೆಯೇ ಆಡುತ್ತದೆ. ಕಟ್ಟಡಕ್ಕೆ ಬಣ್ಣ ಬಳಿಸಿ ಅಡಿಪಾಯದ ಕಲ್ಲನ್ನು ಕದ್ದಂತೆ ಇದು. ಕಳಪೆಯ ಎಸ್‌ಎಂಪಿಎಸ್ ಕೆಡುವಾಗ ಮಿಕ್ಕ ಭಾಗಗಳನ್ನೂ ಸುಟ್ಟು ಹೋಗಬಹುದು.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ವ್ಯಾಟ್ ಸಂಖ್ಯೆಯನ್ನು ನಂಬಿ ಕೂರಬಾರದು. ಒಳಗಿನ ಚೀಟಿಯಲ್ಲಿ 12 ವೋಲ್ಟ್ ಸಾಲಿಗೆ ಎಷ್ಟು ಆಂಪಿಯರ್ ಎಂದು ಬರೆದಿರುತ್ತದೆ. ಆ ಸಂಖ್ಯೆಯನ್ನು 12ರಿಂದ ಗುಣಿಸಬೇಕು. 36 ಆಂಪಿಯರ್ ಇದ್ದರೆ 432 ವ್ಯಾಟ್. 18 ಆಂಪಿಯರ್ ಇದ್ದರೆ 216 ವ್ಯಾಟ್ ಮಾತ್ರ. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಬಹುಮಟ್ಟಿಗೆ ಈ ಸಾಲನ್ನೇ ಅವಲಂಬಿಸಿರುವುದರಿಂದ, 500 ವ್ಯಾಟ್ ಎಂದು ಸಾರುವ ಪೆಟ್ಟಿಗೆಯಲ್ಲಿ ಈ ಎರಡನೆಯ ಲೆಕ್ಕ ಕಂಡುಬಂದರೆ ಅದನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು. ‘80 ಪ್ಲಸ್’ ಎಂಬ ಮುದ್ರೆಯು ವಿದ್ಯುತ್ತಿನ ಸದ್ವಿನಿಯೋಗಕ್ಕೆ ಪ್ರಮಾಣ: ಎಳೆದುಕೊಂಡ ವಿದ್ಯುತ್ತಿನಲ್ಲಿ ನೂರಕ್ಕೆ 80ರಷ್ಟಾದರೂ ಬಿಡಿಭಾಗಗಳಿಗೆ ತಲಪುವುದೆಂದು ಅರ್ಥ. ಅದು ಸುರಕ್ಷತೆಗೆ ಪ್ರಮಾಣವಲ್ಲ. ಹೆಸರುವಾಸಿಯಾದ ತಯಾರಕರ, ಮೂರು ವರ್ಷಗಳಿಗೆ ಕಡಿಮೆಯಿಲ್ಲದ ವಾರಂಟಿಯುಳ್ಳ 450 ವ್ಯಾಟ್ ಎಸ್‌ಎಂಪಿಎಸ್ ನಾವು ಹೇಳುತ್ತಿರುವ ಯಂತ್ರಕ್ಕೆ ಧಾರಾಳವಾಯಿತು.

ಇದರ ಜೊತೆಗೆ ಗೋಡೆಯ ಪ್ಲಗ್ಗಿನಲ್ಲಿ ಅರ್ಥಿಂಗ್ ಸರಿಯಾಗಿದೆಯೇ ಎಂಬುದನ್ನು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸಿಕೊಳ್ಳಬೇಕು. ಮುಂಗಾರಿನ ಗುಡುಗು ಮಿಂಚಿನ ಹೊತ್ತಿನಲ್ಲಿ ಪ್ಲಗ್ಗನ್ನೇ ಕಿತ್ತಿಡುವುದು ಕ್ಷೇಮ. ಕರೆಂಟು ಪದೇ ಪದೇ ಹೋಗುವ ಊರುಗಳಲ್ಲಿ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದ ಯಂತ್ರಕ್ಕೆ 600 ವಿಎ ಯುಪಿಎಸ್ ಸಾಕಾಗುತ್ತದೆ.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಯಾರಿಗೆ?

ಮೇಲೆ ಹೇಳಿದ ಯಂತ್ರವು ಸಾಲದಾದಾಗ ಮಾತ್ರ ಪ್ರತ್ಯೇಕ ಕಾರ್ಡಿನ ವಿಚಾರಕ್ಕೆ ಬರಬೇಕು. 2021ರಲ್ಲಿ ಬಂದ ರೇಡಿಯಾನ್ ಆರ್‌ಎಕ್ಸ್ 6600 ಎಂಬ ಕಾರ್ಡು 8 ಜಿಬಿ ಸ್ವಂತ ಸ್ಮೃತಿಯುಳ್ಳದ್ದು. 1920 ಮತ್ತು 1080ರ ಪರದೆಗೆ ಹೇಳಿ ಮಾಡಿಸಿದಂತಹುದು. ಇದನ್ನು ಕೊಳ್ಳುವವರು ಜಿ ಪ್ರತ್ಯಯದ ಪ್ರೊಸೆಸರನ್ನು ಕೊಳ್ಳುವ ಅಗತ್ಯವಿಲ್ಲ. 5600 ಅಥವಾ 12100ಎಫ್ ಸಾಕು. ಈಗ ಆ ಎಫ್ ದೋಷವಲ್ಲ, ಉಳಿತಾಯವೇ ಆಗುತ್ತದೆ. ಒಂದೇ ಅಂಗವು ಒಂದೆಡೆ ತಪ್ಪಾಗಿಯೂ ಇನ್ನೊಂದೆಡೆ ಸರಿಯಾಗಿಯೂ ಕಾಣುವ ಈ ನಿದರ್ಶನದಿಂದ ಔಚಿತ್ಯದ ಅರ್ಥ ಸ್ಪಷ್ಟವಾದೀತು. ಕಾರ್ಡನ್ನು ಕೂರಿಸಿದ ಮೇಲೆ ಮಾನಿಟರಿನ ತಂತಿಯನ್ನು ಬೋರ್ಡಿಗಲ್ಲದೆ ಕಾರ್ಡಿಗೇ ಸೇರಿಸಬೇಕು. ಇಲ್ಲದಿದ್ದರೆ ಕೊಂಡ ಕಾರ್ಡು ಇದ್ದೂ ಇಲ್ಲದಂತೆ.

ಹೆಸರಿನ ಮೋಹ

ನನಗೆ ಪರಿಚಿತರಾದ ಪಾಲಕರೊಬ್ಬರು ಮಗನಿಗಾಗಿ ಒಂದು ಯಂತ್ರವನ್ನು ತಂದರು. ಗಾಜಿನ ಪೆಟ್ಟಿಗೆ, ಒಳಗೆ ಬಣ್ಣಬಣ್ಣದ ದೀಪಗಳು. ‘ಐ7, 4 ಜಿಬಿ ಗ್ರಾಫಿಕ್ಸ್’ ಎಂಬ ವಿಶೇಷಣಗಳು ಬೇರೆ. ಒಳಗಿದ್ದುದು 2013ರ ಐ7-4770 ಪ್ರೊಸೆಸರ್ ಮತ್ತು 2014ರ ಜಿಟಿ 730 ಕಾರ್ಡು. ಹುಡುಗನ ಆಟವಂತಿರಲಿ, ಹೊಸ ವಿಂಡೋಸ್ ಕೂಡ ಅದರಲ್ಲಿ ವಿಧಿವತ್ತಾಗಿ ನೆಲೆಗೊಳ್ಳಲಿಲ್ಲ. ಐ7 ಎಂಬುದು ದರ್ಜೆಯ ಹೆಸರೇ ಹೊರತು ಕಾಲದ ಹೆಸರಲ್ಲ. ಅದರಲ್ಲಿಯೂ ನಾಲ್ಕು ಕೋರ್‌ಗಳು, 2022ರ ಐ3-12100ರಲ್ಲಿಯೂ ನಾಲ್ಕೇ ಕೋರ್‌ಗಳು. ಆದರೂ ಕಿರಿಯ ಹೆಸರಿನ ಈ ಹೊಸದು ಹಿರಿಯ ಹೆಸರಿನ ಹಳೆಯದನ್ನು ಬಹುದೂರ ಹಿಂದಿಕ್ಕುತ್ತದೆ. ಹಾಗೆಯೇ 4 ಜಿಬಿ ಎಂಬುದು ಪಾತ್ರೆಯ ಗಾತ್ರವೇ ವಿನಾ ಅಡಿಗೆಯ ರುಚಿಯಲ್ಲ. 5600ಜಿಯ ಒಳಗಿನ ಗ್ರಾಫಿಕ್ಸ್ ಆ ಕಾರ್ಡಿಗಿಂತ ಸಮರ್ಥವಾದುದು.

ಹಳೆಯ ಯಂತ್ರವನ್ನು ಕೊಳ್ಳುವುದು ತಪ್ಪಲ್ಲ. ಆದರೆ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಮುಕ್ತಾಯಗೊಳಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ರಕ್ಷಣಾ ವ್ಯವಸ್ಥೆಯೂ ಇಂಟೆಲ್‌ನಲ್ಲಾದರೆ ಸಾಮಾನ್ಯವಾಗಿ ಎಂಟನೆಯ ಅಥವಾ ಅನಂತರದ ತಲೆಮಾರಿನ ಪ್ರೊಸೆಸರೂ ಬೇಕು. ವ್ಯಾಲರಂಟ್‌ನಂತಹ ಆಟವೂ ವಿಂಡೋಸ್ 11ರಲ್ಲಿ ಟಿಪಿಎಂ ಅನ್ನು ಅಪೇಕ್ಷಿಸುತ್ತದೆ. ಆದುದರಿಂದ ಹಳೆಯದನ್ನು ಕೊಳ್ಳುವವರು ಹೆಸರಿನ ಬದಲಿಗೆ ಸಂಖ್ಯೆಯನ್ನೂ ವರ್ಷವನ್ನೂ ಕೇಳಬೇಕು.

ಕೊಳ್ಳುವಾಗಿನ ವಿವೇಕ

ಉಳಿತಾಯ ಮಾಡತಕ್ಕ ಸ್ಥಳಗಳು ಇಲ್ಲದಿಲ್ಲ. ದೀಪಾಲಂಕಾರ, ಗಾಜಿನ ಬಾಗಿಲು, ಪ್ರತ್ಯೇಕ ದುಬಾರಿ ಕೂಲರ್, ವೇಗ ಏರಿಸುವ ಸೌಕರ್ಯದ ಬೋರ್ಡು ಇವೆಲ್ಲವನ್ನೂ ನಿಶ್ಚಿಂತೆಯಿಂದ ಬಿಡಬಹುದು. ಕ್ಯಾಬಿನೆಟ್ಟಿಗೆ ಮುಂಭಾಗದಿಂದ ಗಾಳಿ ಬರಲು, ಹಿಂಭಾಗದಿಂದ ಹೋಗಲು ದಾರಿಯಿದ್ದರೆ ಸಾಕು. ಎಸ್‌ಎಂಪಿಎಸ್‌ನಲ್ಲಿ, ರ್‍ಯಾಮಿನ ಜೋಡಿಯಲ್ಲಿ, ಎಸ್‌ಎಸ್‌ಡಿಯಲ್ಲಿ ಮಾತ್ರ ಜಿಪುಣತನ ಕೂಡದು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ತಮ್ಮ ಊರಿನ ಅಂಗಡಿಯಲ್ಲಾಗಲಿ ಕೊಳ್ಳುವವರು ‘ಇಡೀ ಯಂತ್ರಕ್ಕೆ ಇಷ್ಟು’ ಎಂಬ ಒಂದೇ ಸಾಲಿನ ಚೀಟಿಗೆ ಒಪ್ಪಬಾರದು. ಒಂದೊಂದು ಭಾಗದ ಪೂರ್ಣ ಹೆಸರು, ಬೆಲೆ, ಸೀರಿಯಲ್ ಸಂಖ್ಯೆ ಇವು ಜಿಎಸ್‌ಟಿ ಬಿಲ್ಲಿನಲ್ಲಿ ಕಾಣಿಸಿರಬೇಕು. ವಾರಂಟಿಯ ಹಕ್ಕು ನಿಲ್ಲುವುದು ಆ ಬಿಲ್ಲಿನ ಮೇಲೆಯೇ. ತೆರಿಗೆ ಉಳಿಯುವುದೆಂಬ ಆಸೆಯಿಂದ ಬಿಲ್ಲಿಲ್ಲದೆ ಕೊಂಡವರಿಗೆ ವಸ್ತು ಕೆಟ್ಟ ದಿನ ಆಧಾರವೇ ಇರುವುದಿಲ್ಲ. ಕೂಡಿಸಿದ ಯಂತ್ರವನ್ನು ಅಂಗಡಿಯಲ್ಲಿಯೇ ಅರ್ಧ ಗಂಟೆ ನಡೆಸಿ ನೋಡಿ, ರ್‍ಯಾಮ್ ಪೂರ್ತಿಯಾಗಿ ಕಾಣುತ್ತಿದೆಯೇ, ಪ್ರೊಸೆಸರಿನ ಹೆಸರು ಬಿಲ್ಲಿನಲ್ಲಿರುವಂತೆಯೇ ಇದೆಯೇ ಎಂದು ತಾಳೆ ನೋಡಿಕೊಂಡು ಹೊರಡುವುದು ಲೇಸು.

ಶಾಲೆಗಳಿಗೆ ಗಣಕಗಳನ್ನು ಕೊಡಲು ಇಚ್ಛಿಸುವ ದಾನಿಗಳಲ್ಲಿ ಒಂದು ವಿಜ್ಞಾಪನೆ. ಹತ್ತು ಬಗೆಯ ಹತ್ತು ಯಂತ್ರಗಳಿಗಿಂತ ಒಂದೇ ಬಗೆಯ ಎಂಟು ಯಂತ್ರಗಳು ಹೆಚ್ಚು ಉಪಯುಕ್ತ. ಒಂದರ ರ್‍ಯಾಮು ಮತ್ತೊಂದಕ್ಕೆ, ಒಂದರ ಎಸ್‌ಎಂಪಿಎಸ್ ಇನ್ನೊಂದಕ್ಕೆ ಹೊಂದುವುದರಿಂದ, ಒಂದು ಕೆಟ್ಟರೂ ಅದರ ಅಂಗಗಳು ಉಳಿದವುಗಳಿಗೆ ಒದಗಿ ಬರುತ್ತವೆ. ಮಿಕ್ಕ ಹಣವನ್ನು ಯುಪಿಎಸ್‌ಗೂ ಅರ್ಥಿಂಗ್‌ಗೂ ವಿನಿಯೋಗಿಸಿದರೆ ದಾನವು ಬಹುಕಾಲ ಬಾಳುತ್ತದೆ.

ಬಿಡಿಭಾಗಗಳ ಹೆಸರುಗಳೂ ಬೆಲೆಗಳೂ ಬದಲಾಗುತ್ತಲೇ ಇರುತ್ತವೆ. ಇಲ್ಲಿ ಹೇಳಿದ ಸಂಖ್ಯೆಗಳು ನಾಲ್ಕಾರು ವರ್ಷಗಳಲ್ಲಿ ಹಳತಾದಾವು. ಆದರೆ ಪ್ರಯೋಜನವನ್ನು ಮೊದಲು ನಿಶ್ಚಯಿಸುವುದು, ಅಂಗಕ್ಕೆ ಅಂಗವನ್ನು ಹೊಂದಿಸುವುದು, ಕಾಣದ ಭಾಗವನ್ನು ಕಡೆಗಣಿಸದಿರುವುದು ಎಂಬ ಮೂರು ನಿಯಮಗಳು ಹಳತಾಗವು. ಅಂಗಡಿಗೆ ಹೊರಡುವ ಮುನ್ನ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಹಾಳೆಯಲ್ಲಿ ಬೇಕಾದ ಭಾಗಗಳನ್ನೂ ಇರುವ ಹಣವನ್ನೂ ಬರೆದು, ಪ್ರತಿಯೊಂದನ್ನೂ ‘ಇದೇಕೆ?’ ಎಂದು ಕೇಳಿ ನೋಡಿದರೆ, ಆ ಯಂತ್ರವು ಮನೆಗೆ ಬರುವ ಮೊದಲೇ ಮಗುವಿಗೆ ಒಂದು ಪಾಠವನ್ನು ಕಲಿಸಿರುತ್ತದೆ.